ಕರೆದರೆ ಎಲ್ಲರನ್ನೂ ಕರೆಯುವ ಜಯಲತಾ

ಮೊದಲ ಇಡ್ಲಿಯ ಹಬೆ ಇನ್ನೂ ಎದ್ದಿಲ್ಲ. ನವಿ ಮುಂಬಯಿಯ ಘಣಸೋಲಿಯಲ್ಲಿ ಹೋಟೆಲೊಂದರ ಶಟರ್ ಅರ್ಧ ತೆರೆದಿದೆ. ಮೇಜುಗಳ ಮೇಲೆ ಕುರ್ಚಿಗಳು ತಲೆಕೆಳಗಾಗಿ ಕೂತಿವೆ. ಹಿಂದಿನ ಉಗ್ರಾಣದಲ್ಲಿ, ಈರುಳ್ಳಿ ಮೂಟೆಗಳನ್ನು ಬದಿಗೆ ಸರಿಸಿ ಜಾಗ ಮಾಡಿಕೊಂಡು ಜಯಲತಾ ಕೋಟ್ಯಾನ್ ಕೈಗವಸು ತೊಡುತ್ತಿದ್ದಾರೆ. ಹೊರಗೆ ಹೋಟೆಲ್ ಕೆಲಸಗಾರರ ಸಾಲು. ಒಬ್ಬರು ಒಳಗೆ ಬಂದರೆ ಬಾಗಿಲು ಮುಚ್ಚುತ್ತದೆ. ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆಯುತ್ತಾರೆ, ಟ್ಯೂಬಿಗೆ ಚೀಟಿ ಅಂಟಿಸಿ ಐಸ್ ಪೆಟ್ಟಿಗೆಯಲ್ಲಿಡುತ್ತಾರೆ. ಚೀಟಿಯ ಮೇಲೆ ಹೆಸರಿಲ್ಲ, ಬರೀ ಒಂದು ಸಂಖ್ಯೆ. ಮೀಸೆ ದಪ್ಪ ಇದ್ದವರೇ ಸೂಜಿ ಕಂಡಾಗ ಮೊದಲು ಕಣ್ಣು ಮುಚ್ಚುವುದು ಎಂದು ನಗುತ್ತಾರೆ. ಆದರೆ ಯಾವ ಮೀಸೆ ಎಂದು ಕೇಳಿದರೆ ಅದನ್ನೂ ಹೇಳುವುದಿಲ್ಲ.

ಹೀಗೆ ಹೇಳದಿರುವುದೇ ಇವರ ಕೆಲಸದ ಅರ್ಧ ಭಾಗ. ಈ ಬರಹಕ್ಕೂ ಅವರು ಮೊದಲೇ ಷರತ್ತು ಹಾಕಿದ್ದಾರೆ. ಅವರ ಹೆಸರೊಂದನ್ನು ಬಿಟ್ಟರೆ ಉಳಿದವರ ಹೆಸರುಗಳು ಇಲ್ಲಿ ಬದಲಾಗಿವೆ. ಘಣಸೋಲಿ ಎಂದದ್ದು ಘಣಸೋಲಿಯೇ ಆಗಿರಬೇಕೆಂದೇನೂ ಇಲ್ಲ.

ಜಯಲತಾ ಇರುವುದು ಡೊಂಬಿವಲಿಯಲ್ಲಿ. ಬೆಳಕು ಹರಿಯುವ ಮೊದಲೇ ಲೋಕಲ್ ರೈಲು ಹತ್ತಿ ಠಾಣೆಯಲ್ಲಿ ಇಳಿದು, ಗಾಡಿ ಬದಲಿಸಿ ನವಿ ಮುಂಬಯಿ ಕಡೆಗೆ ಬರುತ್ತಾರೆ. ತವರು ಉಡುಪಿಯ ಹತ್ತಿರ. ಗಂಡ ಹೋಟೆಲಿನ ಗಲ್ಲೆಯಲ್ಲಿ ಹಣ ಎಣಿಸುತ್ತ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ಜಯಲತಾ ಲ್ಯಾಬಿನ ಕೆಲಸ ಕಲಿತು, ಈಗ ಸೀವುಡ್ಸ್‌ನಲ್ಲಿ ಕಚೇರಿ ಇರುವ ಆರೋಗ್ಯ ಸಂಶೋಧನೆಯೊಂದರಲ್ಲಿ ರಕ್ತದ ಮಾದರಿ ಸಂಗ್ರಹಿಸುತ್ತಾರೆ. ಹೋಟೆಲ್ ಕೆಲಸಗಾರರಲ್ಲಿ ಹೆಪಟೈಟಿಸ್ ಬಿ ಎಂಬ ಲಿವರ್ ಸೋಂಕು ಎಷ್ಟಿದೆ ಎಂದು ತಿಳಿಯುವ ಅಧ್ಯಯನ ಅದು. ಈ ಸೋಂಕು ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಹೊರತು ಕಲಸಿದ ಹಿಟ್ಟಿನಿಂದ, ಬಡಿಸಿದ ತಟ್ಟೆಯಿಂದ ಅಲ್ಲ. ಬೇಗ ಗೊತ್ತಾದರೆ ಹಿಡಿತದಲ್ಲಿ ಇಡಬಹುದು. ಇಷ್ಟನ್ನು ಜಯಲತಾ ಎಲ್ಲರಿಗೂ ಬಿಡಿಸಿ ಹೇಳುತ್ತಾರೆ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ, ಆಮೇಲೆ ಯಾರಿಗಿದೆ ಎಂದು ಪಕ್ಕದವನ ಮುಖ ನೋಡುತ್ತಾರೆ.

ಹೋಟೆಲ್ ಕೆಲಸಗಾರನಿಗೆ ಕೆಲಸ ಹೋದರೆ ಸಂಬಳವಷ್ಟೇ ಹೋಗುವುದಿಲ್ಲ. ಊಟ ಅಲ್ಲೇ, ಮಲಗುವುದೂ ಮೇಲಿನ ಮಾಳಿಗೆಯಲ್ಲೇ. ಹಾಗಾಗಿ ಒಂದು ರೋಗದ ಹೆಸರು ಬಾಯಿ ತಪ್ಪಿ ಹೊರಬಿದ್ದರೆ ಒಬ್ಬನ ಅನ್ನ ಮತ್ತು ಸೂರು ಒಟ್ಟಿಗೇ ಹೋಗುತ್ತವೆ.

ಜಯಲತಾರಿಗೆ ಇದು ಗೊತ್ತಾದದ್ದು ಪೆಟ್ಟು ತಿಂದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲ್ಯಾಣದ ಹೋಟೆಲೊಂದರಲ್ಲಿ ಒಬ್ಬನಿಗೆ ಸೋಂಕು ಕಂಡಿತು. ಹೋಟೆಲಿನವರ ರೂಢಿಯಂತೆ ಆತ ಸಂಪರ್ಕಕ್ಕೆ ಕೊಟ್ಟದ್ದು ಗಲ್ಲೆಯ ಫೋನ್ ನಂಬರ್. ಜಯಲತಾ ಅದಕ್ಕೇ ಫೋನ್ ಮಾಡಿ, ಅವನನ್ನು ಸ್ವಲ್ಪ ಆಸ್ಪತ್ರೆಗೆ ಕಳಿಸಿ ಎಂದರು. ರೋಗದ ಹೆಸರು ಎತ್ತಲಿಲ್ಲ. ಆದರೆ ರಕ್ತ ಕೊಟ್ಟವರು ಅಷ್ಟು ಮಂದಿ ಇರುವಾಗ ಒಬ್ಬನನ್ನೇ ಕರೆದರೆ ಹೇಳುವುದಕ್ಕೆ ಇನ್ನೇನು ಉಳಿಯಿತು? ಸಂಜೆಯ ಹೊತ್ತಿಗೆ ಆತನ ತಟ್ಟೆ-ಲೋಟ ಬೇರೆಯಾದವು. ಆತ ಆಸ್ಪತ್ರೆಗೂ ಬರಲಿಲ್ಲ, ಹೋಟೆಲಿನಲ್ಲೂ ಉಳಿಯಲಿಲ್ಲ. ಅಂಬರನಾಥದ ಕಡೆ ಹೋದ ಎಂದು ಯಾರೋ ಹೇಳಿದರು, ಜಯಲತಾ ಅಲ್ಲಿಯೂ ಹುಡುಕಿದರು.

"ನಾನು ಏನೂ ಹೇಳಿರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವನ ಕೆಲಸ ಹೋದದ್ದು ನನ್ನ ಫೋನಿನಿಂದಲೇ ಅಲ್ವಾ?" ಎಂದು ಕೇಳುತ್ತಾರೆ.

ಅಂದಿನಿಂದ ಅವರ ಪದ್ಧತಿಯೇ ಬೇರೆ. ಫಲಿತಾಂಶ ಬಂದ ಮೇಲೆ ರಕ್ತ ಕೊಟ್ಟ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಾರೆ. ಸೋಂಕಿದ್ದವನ ಜೊತೆ ಎಷ್ಟು ಹೊತ್ತು ಮಾತೋ, ಇಲ್ಲದವನ ಜೊತೆಯೂ ಅಷ್ಟೇ ಹೊತ್ತು. ಏನೂ ಇಲ್ಲದವರನ್ನು ಅಷ್ಟು ಹೊತ್ತು ಕೂರಿಸುವುದೇ ದೊಡ್ಡ ಫಜೀತಿ. ಅವರ ಊರು, ತಾಯಿಯ ಮಂಡಿನೋವು, ತಂಗಿಯ ಮದುವೆ ಎಲ್ಲ ವಿಚಾರಿಸುತ್ತಾರೆ. ಕೊಪ್ಪಳ ಕಡೆಯ ಹುಲಗಪ್ಪ ಘಣಸೋಲಿಯ ಈ ಹೋಟೆಲಿನಲ್ಲಿ ರೊಟ್ಟಿ ಬಡಿಯುವವನು. ಅವನ ದೂರೇ ಅದು. "ನಮ್ಮ ಎಮ್ಮಿ ಕರು ಹಾಕಿದ್ದೂ ಕೇಳಿದ್ರೀ ಅಕ್ಕಾರು. ಯಾರರ ಹೊರಗ ಬಂದು, ನನಗೇನೂ ಇಲ್ಲಪಾ ಅಂತ ಅನ್ನಾಕ ಬಾಯಿ ತೆಗದ್ರ, ಅದನ್ನೂ ಅನ್ನಬ್ಯಾಡ ಅಂದ್ರು."

ಯಾಕೆ ಅನ್ನಬಾರದು? ಏನೂ ಇಲ್ಲದವರೆಲ್ಲ ಹಾಗೆ ಹೇಳಿಕೊಳ್ಳುತ್ತ ಹೋದರೆ ಕೊನೆಗೆ ಬಾಯಿ ಬಿಡದೆ ಉಳಿದವನು ಸಿಕ್ಕಿಬೀಳುತ್ತಾನೆ. ಈ ಮಾತು ಹುಲಗಪ್ಪನಿಗೆ ಎಷ್ಟು ಹಿಡಿಸಿದೆಯೆಂದರೆ, ಈಗ ಹೊಸಬರಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿಕೊಡುವವನು ಅವನೇ.

ಸೀವುಡ್ಸ್ ಕಚೇರಿಯಲ್ಲಿ ಮಾಹಿತಿ ನೋಡಿಕೊಳ್ಳುವ ರಿತೇಶ್ ಡೊಂಬಿವಲಿಯಲ್ಲೇ ಹುಟ್ಟಿದ ಹುಡುಗ. ಜಯಲತಾ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಹೆಸರು ಮತ್ತು ಸಂಖ್ಯೆಯ ನಂಟು ಅವನ ಬಳಿ ಬೀಗದೊಳಗಿದೆ. ಆದರೆ ಹೆಸರು ಮುಚ್ಚಿಟ್ಟರಷ್ಟೇ ಸಾಲದು. ಕರಾವಳಿಯವರು ಇಬ್ಬರು ಭೇಟಿಯಾದರೆ ಹೆಸರಿಗಿಂತ ಮೊದಲು 'ಊರಲ್ಲಿ ಎಲ್ಲಾಯ್ತು', ಅಂದರೆ ಊರಿನ ಯಾವ ಕಡೆಯವರು, ಎಂದು ಕೇಳುತ್ತಾರೆ. ಕಾರ್ಕಳದ ಕಡೆಯ ದೋಸೆ ಭಟ್ರು ಎಂದರೆ ಘಣಸೋಲಿಯಲ್ಲಿ ಇರುವುದೇ ಒಬ್ಬರು, ಅವರ ಹೆಸರು ಅಳಿಸಿ ಏನು ಬಂತು? ಇಬ್ಬರೂ ಕೂತು ಯೋಚಿಸಿ, ವರದಿಗೆ ಹೋಗುವ ಪ್ರತಿಯಲ್ಲಿ ಊರು ಎಂಬಲ್ಲಿ ರಾಜ್ಯವನ್ನು, ಕೆಲಸ ಎಂಬಲ್ಲಿ ಬರೀ ಅಡುಗೆಮನೆ ಅಥವಾ ಹೊರಗಿನ ಕೆಲಸ ಎಂದಷ್ಟೇ ಉಳಿಸಿದ್ದಾರೆ.

ಆದರೆ ಬೀಗ ಹಾಕಲಾಗದ ಕಡೆಯಿಂದ ಒತ್ತಡ ಬಂದರೆ ಏನು ಮಾಡುವುದು? ಹೋದ ಮಳೆಗಾಲದಲ್ಲಿ ಅದೂ ಆಯಿತು. ಈ ಹೋಟೆಲಿನ ಮಾಲೀಕ ಲೋಕನಾಥ ಕೆಟ್ಟ ಮನುಷ್ಯನಲ್ಲ. ಜಯಲತಾರ ಗಂಡ ದುಡಿದದ್ದು ಇವರ ಬಳಿಯೇ. ಗಂಡ ತೀರಿಕೊಂಡ ದಿನ ಹೋಟೆಲು ಮುಚ್ಚಿ ಸ್ಮಶಾನದವರೆಗೂ ಬಂದವರು. ಅಧ್ಯಯನಕ್ಕೆ ಬಾಗಿಲು ತೆರೆದು, ಹುಡುಗರಿಗೆ ಧೈರ್ಯ ಬರಲೆಂದು ಮೊದಲು ತಮ್ಮ ತೋಳನ್ನೇ ಚಾಚಿದವರು. ಫಲಿತಾಂಶ ಬಂದ ದಿನ ಅವರೇ ಜಯಲತಾರನ್ನು ಗಲ್ಲೆಯ ಬಳಿ ತಡೆದರು.

"ಯಾರಿಗೆ ಉಂಟು ಅಂತ ಮಾತ್ರ ಹೇಳು ಜಯಾ. ಇಲ್ಲೇ ಉಣ್ತಾರೆ, ಇಲ್ಲೇ ಮಲಗ್ತಾರೆ, ನನ್ನ ಮಕ್ಕಳ ಹಾಗೆ. ನನಗೆ ಗೊತ್ತಾಗಬೇಡವಾ?"

"ಹೇಳುವುದಿಲ್ಲ ಲೋಕಣ್ಣ."

ಲೋಕನಾಥರ ಮುಖ ಬಿಗಿಯಿತು. ಗಿರಾಕಿಗಳ ಕಿವಿಗೆ ಬಿದ್ದರೆ ಹೋಟೆಲು ಏನಾಗಬೇಕು ಎಂದರು. ಹಳೆಯ ಋಣವನ್ನು ಬಾಯಿ ಬಿಟ್ಟು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಹೇಳದಿದ್ದರೆ ಇದೇ ಕೊನೆ, ಬೇರೆ ಮಾಲೀಕರಿಗೂ ಬಾಗಿಲು ಮುಚ್ಚಲು ಹೇಳುತ್ತೇನೆ ಎಂದುಬಿಟ್ಟರು. ಜಯಲತಾ ಎರಡನ್ನೂ ತೂಗಿ ನೋಡಿದರು. ಬಾಗಿಲುಗಳು ಮುಚ್ಚಿದರೆ ಇನ್ನೂ ಪರೀಕ್ಷೆಯಾಗದ ಎಷ್ಟೋ ಜನರಿಗೆ ತಮ್ಮ ರೋಗವೇ ಗೊತ್ತಾಗುವುದಿಲ್ಲ. ಹೇಳಿದರೆ ಇವತ್ತೇ ಒಬ್ಬನ ತಟ್ಟೆ ಬೇರೆಯಾಗುತ್ತದೆ.

"ಮುಚ್ಚುವುದಾದರೆ ನಾಳೆಯಿಂದ ಮುಚ್ಚಿ. ಇವತ್ತು ರಕ್ತ ಕೊಟ್ಟವರೆಲ್ಲರ ಹತ್ತಿರ ಮಾತಾಡಿಯೇ ಹೋಗುವುದು ನಾನು. ನೀವೂ ಕೊಟ್ಟಿದ್ದೀರಿ. ನೀವೂ ಬರಬೇಕು" ಎಂದು ಹೇಳಿ ಉಗ್ರಾಣಕ್ಕೆ ನಡೆದರು.

ಎಲ್ಲರೂ ಹೋಗಿ ಬಂದರು. ಕೊನೆಗೆ ಗೊಣಗುತ್ತಲೇ ಲೋಕನಾಥರೂ ಹೋದರು. ಬಾಗಿಲು ಮುಚ್ಚಿತು. ಉಳಿದವರೆಲ್ಲ ಎಷ್ಟು ಹೊತ್ತು ಕೂತಿದ್ದರೋ ಅಷ್ಟೇ ಹೊತ್ತು ಕೂತು ಹೊರಬಂದರು. ಬಂದ ಲೋಕನಾಥರು ಜಯಲತಾರ ಮುಂದೆ ತಾವೇ ಚಹಾ ತಂದಿಟ್ಟರು. ಅವತ್ತಿನಿಂದ ಇವತ್ತಿನವರೆಗೆ ಆ ಪ್ರಶ್ನೆ ಕೇಳಿಲ್ಲ.

ಒಳಗೆ ಏನು ಮಾತಾಯಿತು ಎಂದು ಜಯಲತಾ ಹೇಳುವುದಿಲ್ಲ. ಲೋಕನಾಥರು ಮಾತ್ರ, ಇಷ್ಟನ್ನು ಬರೆದುಕೊಳ್ಳಿ ಎಂದು ತಾವಾಗಿಯೇ ಹೇಳುತ್ತಾರೆ. "ಬಾಗಿಲು ಹಾಕಿದ ಕೂಡಲೇ ನನಗೆ ಬಂದದ್ದು ಒಂದೇ ಯೋಚನೆ. ಇವಳು ಈಗ ಹೇಳುವುದು ಹೊರಗಿನವರಿಗೆ ಕೇಳಿದರೆ ನನ್ನ ಗತಿ ಏನು ಅಂತ. ಸುದ್ದಿ ಒಳ್ಳೆಯದಾ ಕೆಟ್ಟದ್ದಾ ಅನ್ನುವುದು ಆಮೇಲಿನ ಮಾತು."

ಬಾಗಿಲು ಮುಚ್ಚುವ ಬದಲು ಅವರೇ ಈಗ ಬೇರೆ ಮಾಲೀಕರಿಗೆ ಹೇಳಿ ಬಾಗಿಲು ತೆರೆಸುತ್ತಿದ್ದಾರೆ. ಇವತ್ತಿನ ಸಾಲು ಹೊಸದಾಗಿ ಸೇರಿದವರದ್ದು. ರಕ್ತ ಕೊಟ್ಟು ಬಂದವರು ತೋಳಿನ ಹತ್ತಿ ಒತ್ತಿಕೊಂಡು ಕುರ್ಚಿಗಳನ್ನು ಕೆಳಗಿಳಿಸುತ್ತಾರೆ. ಇಡ್ಲಿಯ ಹಬೆ ಎದ್ದಿದೆ. ಜಯಲತಾ ಪೆಟ್ಟಿಗೆ ಮುಚ್ಚಿ ಹೆಗಲಿಗೇರಿಸಿಕೊಂಡು ಸ್ಟೇಷನ್ ಕಡೆ ಹೆಜ್ಜೆ ಹಾಕುತ್ತಾರೆ. ಮಾದರಿಗಳು ಬಿಸಿಯೇರುವ ಮೊದಲು ಸೀವುಡ್ಸ್ ತಲುಪಬೇಕು.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಪ್ಲಾಟ್‌ಫಾರ್ಮಿನಲ್ಲಿ ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ. ಆಮೇಲೆ ಕಲ್ಯಾಣದಿಂದ ಹೊರಟು ಹೋದವನ ಮಾತು ತೆಗೆಯುತ್ತಾರೆ.

"ಯಾವ ಹೊಸ ಹೋಟೆಲಿಗೆ ಹೋದರೂ ಸಾಲಿನಲ್ಲಿ ಮೊದಲು ಅವನ ಮುಖ ಹುಡುಕುತ್ತೇನೆ. ಸಿಕ್ಕೇ ಸಿಕ್ಕುತ್ತಾನೆ ಒಂದು ದಿನ. ಸಿಕ್ಕಿದರೂ ಗುರುತು ತೋರಿಸುವುದಿಲ್ಲ. ಎಲ್ಲರನ್ನೂ ಕೇಳಿದ ಹಾಗೆ ಅವನನ್ನೂ ನಿಮ್ಮ ಹೆಸರೇನು ಅಂತ ಕೇಳುತ್ತೇನೆ. ಬಾಗಿಲು ಹಾಕಿದ ಮೇಲೆ ತಪ್ಪಾಯ್ತು ಅಂತ ಹೇಳುತ್ತೇನೆ."