ಗಂಜಿ ಹಾಕಿದ ರೆಕ್ಕೆ

ಲುವಾರ್ ನದಿಯ ದಂಡೆಯ ಒಂದೂರಲ್ಲಿ ಪೆರಿನ್ ಅಂತ ಒಬ್ಬ ವಿಧವೆ ಇದ್ದಳು. ಊರ ಹೆಂಗಸರು ಭಾನುವಾರ ಇಗರ್ಜಿಗೆ ತೊಡುವ ಬಿಳಿ ಟೊಪ್ಪಿಗೆಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದು ಅವಳ ಕಸುಬು. ಅವಳ ಕೈಯ ಟೊಪ್ಪಿಗೆ ಬಿಷಪ್ಪರ ಮುಂದೆಯೂ ತಲೆಬಾಗದು ಎಂದು ಜನ ನಗುತ್ತಿದ್ದರು. ಐವತ್ತೆರಡು ವರ್ಷವಾದರೂ ಅವಳು ನದಿ ದಾಟಿದವಳಲ್ಲ. ಸಾವಿರದ ಒಂಬೈನೂರ ಹತ್ತರ ಬೇಸಿಗೆಯಲ್ಲಿ ಅವಳ ಗಂಜಿಗೆ ನದಿ ದಾಟುವ ಅವಕಾಶ ಬಂತು.

ಗಾಡಿಚಕ್ರ ಮಾಡುವವನ ಮಗ ಅನ್ಸೆಲ್ಮ್, ತಮ್ಮ ಗಾಸ್ಪಾರನ ಜೊತೆ ಸೇರಿ ತೆಳು ಮರದ ಕಡ್ಡಿ, ನಾರುಬಟ್ಟೆಗಳಿಂದ ಒಂದು ವಿಮಾನ ಕಟ್ಟಿದ್ದ. ಅದು ಹುಲ್ಲುಗಾವಲಲ್ಲಿ ಕೋಳಿಯಂತೆ ಎಗರಿ ಎಗರಿ ಕೂರುತ್ತಿತ್ತು.

"ಏನೋ ಮಗಾ, ರೆಕ್ಕೆ ನನ್ನ ಹಳೇ ಲಂಗದ ಥರ ಜೋತಾಡ್ತಿದೆ?" ಎಂದಳು ಪೆರಿನ್.

"ನಗೋದು ಬಿಟ್ಟು ದಾರಿ ಹೇಳಿ, ಪೆರಿನಮ್ಮ," ಎಂದ ಅನ್ಸೆಲ್ಮ್.

"ಗಂಜಿ ಹಾಕೋಣ. ಅದೇನು ಮಹಾ."

ಅಕ್ಕಿ ಬೇಯಿಸಿ, ಸೋಸಿ, ಕುಂಚದಿಂದ ಬಳಿದಳು. ಬಿಸಿಲಿಗೆ ಒಣಗಿದ ರೆಕ್ಕೆ ತಟ್ಟಿದರೆ ಡೋಲಿನಂತೆ ನುಡಿಯಿತು. ಮರುದಿನ ವಿಮಾನ ಪಾಪ್ಲರ್ ಮರಗಳ ತುದಿ ದಾಟಿತು. ಪೆರಿನ್ ಕಾಲಿನ ಮರದ ಜೋಡು ಕಳಚಿಬಿದ್ದದ್ದೂ ತಿಳಿಯದೆ ಅದರ ಹಿಂದೆ ಓಡಿದಳು. "ನನ್ನ ಗಂಜಿ ಕಣ್ರೋ ಅದು, ನನ್ನ ಗಂಜಿ," ಎಂದು ಕಂಡಕಂಡವರಿಗೆಲ್ಲ ಹೇಳಿದಳು.

ಸಂತ ಯೋಹಾನರ ಹಬ್ಬದ ಭಾನುವಾರ ಅನ್ಸೆಲ್ಮ್ ನದಿ ದಾಟಬೇಕಿತ್ತು. ದಾಟಿದರೆ ವಿಮಾನ ಕಾರ್ಖಾನೆಯವರು ಅವನನ್ನು ಕೆಲಸಕ್ಕೆ ಕರೆದೊಯ್ಯುವವರಿದ್ದರು. ಇಲ್ಲವಾದರೆ ಅಪ್ಪನ ಚಕ್ರದಂಗಡಿಯೇ ಗತಿ. ಎರಡೂ ದಂಡೆಯಲ್ಲಿ ಜನವೋ ಜನ. ಅಂಥ ಹೊತ್ತಲ್ಲೇ ಹಾಳು ತುಂತುರು ಬಿದ್ದು ರೆಕ್ಕೆ ಮೆತ್ತಗಾಯಿತು.

"ಬಿಸಿಲು ಬರ್ಲಿ, ಕಾಯೋಣ," ಎಂದ ಗಾಸ್ಪಾರ್.

ಪೆರಿನ್ ಕೇಳಬೇಕಲ್ಲ. ಮಳೆ ಬಿದ್ದ ಭಾನುವಾರ ಟೊಪ್ಪಿಗೆಗೆ ಮಾಡುವುದನ್ನೇ ರೆಕ್ಕೆಗೂ ಮಾಡಿದಳು. ಇನ್ನೊಂದು ಸಲ ಗಟ್ಟಿ ಗಂಜಿ ಬಳಿದು, ಒಲೆಯಲ್ಲಿ ಕಾಯಿಸಿದ ಇಸ್ತ್ರಿಗಳನ್ನು ಒಂದರ ಹಿಂದೊಂದು ಎಳೆದಳು. ಹಬೆ ಬುಸುಬುಸು ಎದ್ದಿತು.

"ಪೆರಿನಮ್ಮ, ವಿಮಾನಾನ ಇಗರ್ಜಿಗೆ ಕಳಿಸ್ತೀಯಾ?" ಎಂದು ಬೇಕರಿಯವನು ಕಿಚಾಯಿಸಿದ.

"ನಿನ್ನ ಚಡ್ಡೀನೂ ಬಿಚ್ಚಿಕೊಡು, ಒಂದು ಕೈ ಎಳೀತೀನಿ."

ರೆಕ್ಕೆ ಈಗ ಗಂಟೆಯಂತೆ ಠಣ್ಣೆಂದಿತು. ಅನ್ಸೆಲ್ಮ್ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು ಹತ್ತಿ ಕೂತ. ವಿಮಾನ ಓಡಿತು, ಎದ್ದಿತು, ನೀರಿನ ಮೇಲೆ ಅದರ ನೆರಳು ಬಿತ್ತು. ಜನ ಖುಷಿಗೆ ಟೋಪಿಗಳನ್ನು ಮೇಲೆ ತೂರಿದರು. ಪೆರಿನ್ ನೀರಿನ ಅಂಚಿನವರೆಗೂ ಓಡಿದಳು. ವಿಮಾನ ಅರ್ಧ ದಾಟಿತು. ಅರ್ಧಕ್ಕಿಂತ ಹೆಚ್ಚೇ ದಾಟಿತು.

ಆಗ ಬಲರೆಕ್ಕೆ ಮೇಲಕ್ಕೆ ಮಡಚಿಕೊಂಡಿತು. ವಿಮಾನ ನದಿಯೊಳಗಿನ ಒಂದು ಮರಳುದಿಬ್ಬದ ಮೇಲೆ ತಲೆಕೆಳಗಾಗಿ ಬಿತ್ತು. ದೋಣಿಗಳು ತಲುಪುವಷ್ಟರಲ್ಲಿ ಅನ್ಸೆಲ್ಮನ ಜೀವ ಹೋಗಿತ್ತು.

"ನದಿಗಾಳಿ ಕೊಂದಿತು," ಎಂದರು ಎಲ್ಲರೂ. ಗಾಸ್ಪಾರನ ದೋಣಿಯಲ್ಲೇ ಹೋದ ಪೆರಿನ್ ದಿಬ್ಬದಂಚಿನ ಮೊಣಕಾಲುದ್ದ ನೀರಲ್ಲಿ ನಿಂತು ಮುರಿದ ರೆಕ್ಕೆಯನ್ನು ತಡವಿದಳು. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಅದು ಬಿಗಿದ ಬಿಗಿತಕ್ಕೆ ಒಳಗಿನ ಕಡ್ಡಿಗಳು ಬಿಲ್ಲಿನಂತೆ ಬಾಗಿ, ಅಂಟು ಬಿಟ್ಟು, ಕೂರಿಸಿದ್ದ ಜಾಗದಿಂದ ಕಿತ್ತುಬಂದಿದ್ದವು. ಟೊಪ್ಪಿಗೆಗೆ ಎಲುಬಿಲ್ಲ, ರೆಕ್ಕೆಗೆ ಇದೆ ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ. ಬೇರೆ ಯಾರೂ ಇದನ್ನು ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಗಾಳಿ ಅಲ್ಲ, ಗಾಸ್ಪಾರ್," ಎಂದಳು. "ನನ್ನ ಕೈ. ನೀನು ಕಾಯೋಣ ಅಂದಿದ್ದೆ."

ಗಾಸ್ಪಾರ್ ಬಾಗಿದ ಕಡ್ಡಿಯನ್ನು ಬೆರಳಿಂದ ಒತ್ತಿ ನೋಡಿದ. ಅತ್ತ. ಕಣ್ಣೊರೆಸಿಕೊಂಡು ಕೇಳಿದ: "ಎಷ್ಟು ಸಲ ಬಳಿದ್ರಿ?"

"ಎರಡು. ಮೇಲೆ ಇಸ್ತ್ರಿ."

ಕಾರ್ಖಾನೆಯವರು ದಂಡೆಯಲ್ಲಿ ಇನ್ನೂ ಗಾಳಿಯ ಮಾತನ್ನೇ ಆಡುತ್ತಿದ್ದರು. ಗಾಸ್ಪಾರ್ ಅವಳ ತೋಳು ಹಿಡಿದು ದೋಣಿಗೆ ಹತ್ತಿಸಿದ. "ನಂಗೆ ಹೇಳಿದ್ದನ್ನ ಅವರಿಗೂ ಹೇಳಿ. ನಾಳೆ ಇನ್ಯಾರೋ ಹಾರ್ತಾನೆ."

ಇಡೀ ಊರು ನೋಡುತ್ತಿತ್ತು. ಒದ್ದೆ ಲಂಗದಲ್ಲಿ ನಿಂತ ಪೆರಿನ್, ಅಕ್ಕಿ ಎಷ್ಟು ಹೊತ್ತು ಬೆಂದಿತ್ತು ಎಂಬಲ್ಲಿಂದ ಶುರುಮಾಡಿ, ಒಂದನ್ನೂ ಬಿಡದೆ ಹೇಳಿದಳು.