ಮಹಡಿ ಮನೆಯ ಒಳಬಾಡಿಗೆ

ಇವತ್ತು ಬೆಳಿಗ್ಗೆ ಕೊಟ್ಟೂರಿನ ನನ್ನ ಮಹಡಿ ಮನೆಯ ಬೀಗ ತೆಗೆದರೆ ಅಡುಗೆಮನೆಯಿಂದ ಗುರೆಳ್ಳು ಹುರಿದ ವಾಸನೆ ಬಂತು. ನಾನು ಗುರೆಳ್ಳು ಹುರಿಯುವ ಪೈಕಿಯವನಲ್ಲ. ನನ್ನ ಅಡುಗೆ ಚಹಾ, ಅನ್ನ, ಮೊಸರಿಗೆ ಮುಗಿಯುತ್ತದೆ. ಇದು ಸುಜಾತಾ ಬಿಟ್ಟುಹೋದ ವಾಸನೆ. ಒಂದು ವರ್ಷ ಇಲ್ಲಿ ನನ್ನ ಒಳಬಾಡಿಗೆಗೆ ಇದ್ದ ನರ್ಸ್ ಅವರು. ತಾಯಿಯನ್ನು ಕರೆದುಕೊಂಡು ಈಗ ಎಲ್ಲಿಗೆ ಹೋದರೋ ಎಂದು ಮನಸ್ಸು ಚುರುಕ್ ಎಂದಿತು.

ನಾನು ದನದ ಆಸ್ಪತ್ರೆಯವನು. ಹೋದ ವರ್ಷ ನನ್ನನ್ನು ಹಿರೇಹಡಗಲಿಗೆ ನಿಯೋಜನೆ ಮಾಡಿದರು. ವಾಪಸ್ ಬರುವವನೇ, ಆದರೆ ಮನೆ ಬಿಟ್ಟರೆ ಮತ್ತೆ ಸಿಗಬೇಕಲ್ಲ? ಒಂಟಿ ಗಂಡಸು ಎಂದರೆ ಮಾಲೀಕರು ಮುಖ ಗಂಟಿಕ್ಕುತ್ತಾರೆ. ಆಗತಾನೇ ಊರಿಗೆ ಬಂದಿದ್ದ ಸುಜಾತಾರಿಗೂ ಅದೇ ಪಾಡು. ಗಂಡ ಲಾರಿ ಓಡಿಸುತ್ತಾ ಅಪರೂಪಕ್ಕೆ ಬರುವವರು. ಗಂಡಸಿಲ್ಲದ ಮನೆ ಎಂದು ಯಾರೂ ಬಾಡಿಗೆಗೆ ಕೊಟ್ಟಿರಲಿಲ್ಲ. ನೋಡಿ, ಮದುವೆಯಾದರೂ ಕಷ್ಟ, ಆಗದಿದ್ದರೂ ಕಷ್ಟ. ನಾನು ಬರುವತನಕ ನನ್ನ ಮನೆಯಲ್ಲೇ ಇರಿ, ಬಾಡಿಗೆ ನನಗೆ ಕೊಡಿ ಎಂದು ಅವರಿಗೆ ಹೇಳಿದೆ.

ನನ್ನ ಮಾಲೀಕರು ಖಾಜಾಸಾಬರು ಕೆಳಗಿನ ಮನೆಯಲ್ಲೇ ಇರುತ್ತಾರೆ. ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ ಅವರದು. ಹೊರಡುವ ಗಡಿಬಿಡಿಯಲ್ಲಿ ಅವರಿಗೆ, "ನಾ ಬರೋತನಕ ನಮ್ಮೋರು ಇರ್ತಾರ್ರಿ" ಎಂದೆ. ಸುಜಾತಾರೂ ಆಸ್ಪತ್ರೆ, ನಾನೂ ಆಸ್ಪತ್ರೆ, ರೋಗಿಯ ಕಾಲಿನ ಲೆಕ್ಕ ಮಾತ್ರ ಬೇರೆ; ಅಷ್ಟು ಸಾಕಿತ್ತು ನನಗೆ, ನಮ್ಮೋರು ಎನ್ನಲು. ಸಾಬರು ನೆಂಟರೆಂದೇ ತಿಳಿದು, "ಇರ್ಲಿ ಬಿಡ್ರಿ" ಎಂದರು.

ಕೆಲವು ತಿಂಗಳು ಸುಖವಾಗಿ ಕಳೆದವು. ಒಂದು ದಿನ ಸುಜಾತಾರ ತಾಯಿ ಸಾಬರ ಹೆಂಡತಿಯ ಹತ್ತಿರ ಮಾತಿನ ಮಧ್ಯೆ ಬಾಡಿಗೆಯ ವಿಷಯ ತೆಗೆದರಂತೆ. ನಾನು ಕುರಿಗೆ ಲಸಿಕೆ ಹಾಕುತ್ತಿದ್ದಾಗ ಸಾಬರ ಫೋನು ಬಂತು.

"ಏನ್ರಿ ಸರ್, ನೆಂಟ್ರ ಹತ್ರ ಬಾಡಿಗಿ ಇಸ್ಕೊಂತೀರಂತ? ನಂಗ ನಾಚ್ಕಿ ಆತು ನೋಡ್ರಿ!"

"ಅಯ್ಯೋ, ಅವರು ನೆಂಟ್ರಲ್ರಿ ಸಾಬ್ರ!" ಎಂದುಬಿಟ್ಟೆ. ಮಾನ ಉಳಿಯಿತು, ಮನೆ ಹೋಯಿತು. ಸಾಬರು ಹೇಳಿದರು: "ಹಂಗಾದ್ರ ಗೊತ್ತಿಲ್ದೋರ್ನ ನನ್ನ ಮನಿಯಾಗ ಇಟ್ಟೀರಿ. ಖಾಲಿ ಮಾಡಸ್ರಿ. ನೀವೂ ಮಾಡ್ರಿ."

ಕೈಯಲ್ಲಿದ್ದ ಕುರಿ ತಪ್ಪಿಸಿಕೊಂಡು ಓಡಿತು. ನನಗೆ ನಿಜಕ್ಕೂ ಭಯವಾಯಿತು. ನನ್ನ ಮಾತು ನಂಬಿ ಬಂದ ತಾಯಿ-ಮಗಳನ್ನು ಬೀದಿಗೆ ಹಾಕಿದಂತಾಯಿತಲ್ಲ! ಸಿಕ್ಕ ಬಸ್ಸು ಹತ್ತಿ, ದಾರಿಯುದ್ದಕ್ಕೂ ಸಮಜಾಯಿಷಿ ಹೊಸೆಯುತ್ತಾ ಬಂದೆ. ಅಂಗಡಿ ತಲುಪುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ಸಾಬರು ತಾಮ್ರದ ತಂತಿ ಸುತ್ತುತ್ತಲೇ ಕೇಳಿದರು: "ಮೊದ್ಲೇ ಕೇಳಿದ್ರ ನಾ ಬ್ಯಾಡಂತಿದ್ನೇನ್ರಿ? ನಾಳಿ ಏನಾರ ಆತಂದ್ರ ಪೊಲೀಸ್ರು ನನ್ನ ಕೇಳ್ತಾರ. ಮ್ಯಾಗ ಯಾರದಾರ ಅಂದ್ರ ಏನ್ ಹೇಳ್ಲಿ?"

ಅಷ್ಟರಲ್ಲಿ ಸುಜಾತಾ ಡ್ಯೂಟಿ ಬಟ್ಟೆಯಲ್ಲೇ ಬಂದರು. ಆಧಾರ್ ಕಾರ್ಡು ಸಾಬರ ಮುಂದಿಟ್ಟು, "ಹೋಗು ಅಂದ್ರ ಹೋಗ್ತೀವ್ರಿ. ಆದ್ರ ಕಳ್ಳರಂಗ ಹೋಗಂಗಿಲ್ಲ" ಎಂದರು.

ಸಾಬರ ಕೈ ನಿಂತಿತು. "ಯಾರವ್ವಾ ನಿಮಗ ಕಳ್ರು ಅಂದೋರು? ನಡೀರಿ, ಕಾಗದ ಮಾಡ್ಸೂಣು."

ಸಂಜೆಯೊಳಗೆ ಬಾಂಡ್ ಪೇಪರಿನ ಮೇಲೆ ಮೂವರೂ ಸಹಿ ಹಾಕಿದೆವು. ಒಳಬಾಡಿಗೆಗೆ ಮಾಲೀಕರ ಒಪ್ಪಿಗೆ ಇದೆ. ನಾನು ಕೊಡುವುದಕ್ಕಿಂತ ಹೆಚ್ಚು ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಮುರಿದದ್ದು, ಒಡೆದದ್ದಕ್ಕೆ ನಾನೇ ಹೊಣೆ. ನಾನು ವಾಪಸ್ ಬಂದರೆ ಸುಜಾತಾ ಮನೆ ಬಿಡಬೇಕು. ಎಷ್ಟು ಹಗುರಾದೆನೆಂದರೆ, ಎಲ್ಲರಿಗೂ ಮಿರ್ಚಿ ಮಂಡಕ್ಕಿ ಕೊಡಿಸಿ ಅವರ ಪಾಲಿನದ್ದಕ್ಕೂ ಕೈ ಹಾಕಿದೆ.

ಆದರೆ ಆ ಕೊನೆಯ ಷರತ್ತು ಈಚೆಗೆ ನನ್ನ ನಿದ್ದೆ ಕೆಡಿಸಿತ್ತು. ನಾನು ಬರುವ ದಿನ ಹತ್ತಿರವಾದರೂ ಅವರಿಗೆ ಬೇರೆ ಮನೆ ಸಿಕ್ಕ ಸುದ್ದಿ ಇರಲಿಲ್ಲ. ಇವತ್ತು ಬೆಳಿಗ್ಗೆ ಕೀಲಿಕೈ ಕೊಟ್ಟ ಸಾಬರು, "ಮೊದ್ಲು ಸಾಮಾನು ಇಟ್ಟು ಬರ್ರಿ" ಎಂದಷ್ಟೇ ಹೇಳಿದರು. ತಾಯಿ-ಮಗಳು ಎಲ್ಲಿಗೆ ಹೋದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸಾಮಾನು ಇಟ್ಟು ಕೆಳಗಿಳಿದೆ. ಸಾಬರು ಮನೆಯ ಹಿಂದಕ್ಕೆ ಕರೆದೊಯ್ದರು. ಹಳೆಯ ಮೋಟಾರುಗಳಿಂದ ತುಂಬಿರುತ್ತಿದ್ದ ಎರಡು ಕೋಣೆ ಖಾಲಿಯಾಗಿ, ಸುಣ್ಣ ಬಳಿದುಕೊಂಡು ಬೆಳ್ಳಗಿದ್ದವು. ಬಾಗಿಲಲ್ಲಿ ಸುಜಾತಾರ ತಾಯಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಈಗ ಇವರು ನನ್ನ ಬಾಡಿಗಿಯೋರು. ಕಾಗದಾನೂ ಆಗೇತಿ. ನಿಮಗ ಏನೂ ಸಂಬಂಧಿಲ್ಲ" ಎಂದರು ಸಾಬರು, ಬೇಕೆಂದೇ ಬಿರುಸಾಗಿ.

ನನಗೆ ಕಣ್ಣು ತುಂಬಿ ಬಂತು. ಹೊಸ್ತಿಲ ಹೊರಗೇ ನಿಂತೆ. ಆ ಅವ್ವ ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು.

"ಅಲ್ಲೇ ಯಾಕ ನಿಂತಿ ತಮ್ಮಾ? ಒಳಗ ಬಾ. ನಮ್ಮ ಮನಿಗೆ ಮೊದಲ್ನೇ ಸಲ ಬಂದೀ."