ಮಲ್ಲಿಗೆಯ ಬುಡದಲ್ಲಿ ಸ್ನಾನ

ಮೊನ್ನೆ ಅಂಗಡಿಯಲ್ಲಿ ಯಾರೋ ಸೀಗೇಪುಡಿ ಕಟ್ಟಿಸಿಕೊಳ್ಳುತ್ತಿದ್ದರು. ಅದರ ಘಾಟಿಗೆ ಮೊದಲು ಸೀನು ಬಂತು, ಹಿಂದೆಯೇ ಚಿಕ್ಕತಾಯತ್ತೆ ನೆನಪಿಗೆ ಬಂದಳು. ಸೀಗೆಯ ವಾಸನೆಗೆ ನಿಮಗೆ ಯಾರ ಜಡೆ ನೆನಪಾಗುತ್ತದೋ ನಾನರಿಯೆ. ನನಗಂತೂ ಮಲ್ಲಿಗೆ ಗಿಡದ ಬುಡ ನೆನಪಾಗುತ್ತದೆ.

ಆಕೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಇಲವಾಲದಲ್ಲಿ ಮೈದುನನ ಮನೆಯ ಮೂಲೆ ಸೇರಿದ್ದವಳನ್ನು ಅಪ್ಪ ಅಶೋಕಪುರಂ ಹತ್ತಿರದ ನಮ್ಮ ಮನೆಗೆ ಕರೆತಂದರು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಬಂದವಳು ಬಹಳ ದಿನ ಮಾತಿಲ್ಲದೆ ಕೂತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಎದ್ದು, ಹಿತ್ತಲಿನ ಕಲ್ಲು ಹೆಕ್ಕಿ, ಮಲ್ಲಿಗೆ ಕಡ್ಡಿ ನೆಟ್ಟಳು. ಕಡ್ಡಿ ಚಿಗುರಿದ ಹಾಗೆ ಆಕೆಯ ಮಾತೂ ಚಿಗುರಿತು. ತಾನು ಮುಡಿಯುವಂತಿಲ್ಲದ ಹೂವನ್ನು ಹೆಂಗಸರಿಗೆಲ್ಲ ಹಂಚುತ್ತ, ಬೈಯುತ್ತ, ನಗುತ್ತ ನಮ್ಮ ಬೀದಿಯವಳೇ ಆದಳು.

ಎರಡು ಹಿತ್ತಲಿನ ನಡುಗೋಡೆಯಲ್ಲಿದ್ದ ಬಾವಿ ನಮಗೂ ಪಕ್ಕದ ಮನೆಯ ತೆರೇಸಮ್ಮನವರಿಗೂ ಸೇರಿದ್ದು. ಅತ್ತ ಅವರ ಬದನೆ, ಟೊಮ್ಯಾಟೊ, ಗುಲಾಬಿ. ಇತ್ತ ನಮ್ಮ ಮಲ್ಲಿಗೆ. ನನಗೆ ಗುಮಾಸ್ತೆಯ ಕೆಲಸ ಸಿಕ್ಕಿದ ವರ್ಷ ಮಳೆ ಕೈಕೊಟ್ಟಿತು. ಬೇಸಿಗೆಗೆ ಬಾವಿಯಲ್ಲಿ ಕೊಡ ಬಿಟ್ಟರೆ ತಳದ ಕಲ್ಲಿಗೆ ತಾಗಿ ಠಣ್ ಎನ್ನುತ್ತಿತ್ತು. ಬೀದಿ ನಲ್ಲಿಯ ನೀರು ಕುಡಿಯುವುದಕ್ಕೂ ಅಡುಗೆಗೂ ಸರಿಹೋಗುತ್ತಿತ್ತು. ಮಲ್ಲಿಗೆ ಎಲೆ ಉದುರಿಸತೊಡಗಿತು. ಅತ್ತೆ ಸೀರೆಗಳನ್ನೆಲ್ಲ ಗಂಟು ಕಟ್ಟಿಟ್ಟಳು.

“ಈ ಗಿಡ ಹೋದ್ರೆ ನಾನೂ ಇಲವಾಲಕ್ಕೆ ಹೊಂಟ್‌ಬುಡ್ತೀನಿ. ಸುಮ್ನೆ ಕೂತು ಉಣ್ಣಕ್ಕೆ ನನ್ ಕೈಲಾಗಲ್ಲ ಕಣಣ್ಣ,” ಎಂದಳು ಅಪ್ಪನಿಗೆ. ಅಪ್ಪ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದು ಹೊರಗೆ ಹೋದರು.

ಗೋಡೆಯಾಚೆ ಇದನ್ನು ಕೇಳಿಸಿಕೊಂಡ ತೆರೇಸಮ್ಮ ಸಂಜೆ ತೂತು ಬಿದ್ದ ಹಳೇ ಮಡಕೆಗಳನ್ನು ಹೊತ್ತು ಬಂದರು.

“ಬದನೆ ಟೊಮ್ಯಾಟೊ ಮುಂದಿನ್ ಮಳೇಲಿ ಬೀಜ ಹಾಕುದ್ರೆ ಬತ್ತವೆ. ಅವಕ್ಕೆ ನೀರು ನಿಲ್ಸ್‌ಬುಟ್ಟೆ. ನಮ್ ಪಾಲಿನ ಬಾವಿನೀರೂ ಮಲ್ಗೇಗೇ ಹಾಕಿ, ಚಿಕ್ಕತಾಯಮ್ನೋರೇ.”

“ನಿಮ್ ಗುಲಾಬಿ?” ಎಂದಳು ಅತ್ತೆ.

“ಒಂದ್ ಗಿಡ ಇಟ್ಕೊಂಡಿದೀನಿ. ದೇವಮಾತೆ ಮುಂದಿಡಕ್ಕೆ ಒಂದು ಹೂ ಸಾಕು.”

ಇಬ್ಬರೂ ಸೇರಿ ತೂತಿಗೆ ಬಟ್ಟೆಯ ಬತ್ತಿ ತುರುಕಿ, ಮಡಕೆಗಳನ್ನು ಗಿಡಗಳ ಪಕ್ಕದಲ್ಲಿ ಕತ್ತಿನವರೆಗೂ ಹೂತರು. ತುಂಬಿದ ನೀರು ಬಿಸಿಲಿಗೆ ಆರಿಹೋಗದೆ ಬೇರಿಗೆ ಮೆಲ್ಲಗೆ ಜಿನುಗುತ್ತಿತ್ತು. ನೆಲಕ್ಕೆ ಒಣಹುಲ್ಲು ಹೊದಿಸಿದರು. ಅಕ್ಕಿ ತೊಳೆದ ನೀರೂ ಹಿತ್ತಲು ಸೇರಿತು. ಅದೂ ಸಾಲದಾದಾಗ ಅತ್ತೆಯ ಕಣ್ಣು ನನ್ನ ಸ್ನಾನದ ಮೇಲೆ ಬಿತ್ತು.

ನಾನಾದರೋ ಆಗತಾನೆ ಘಮಘಮಿಸುವ ಸೋಪು ತಂದು ದೊಡ್ಡ ಮನುಷ್ಯನಾಗಿದ್ದೆ. “ಸೋಪು ಬ್ಯಾಡ, ಗಿಡಕ್ಕಾಗಲ್ಲ,” ಎಂದು ಅತ್ತೆ ಅದನ್ನು ಕಿತ್ತುಕೊಂಡು ಸೀಗೇಪುಡಿ ಕೊಟ್ಟಳು. ಗಿಡಗಳ ನಡುವೆ ಗೋಣಿತಟ್ಟಿನ ಮರೆ ಕಟ್ಟಿದಳು. “ಇವತ್ತು ಆ ಮೂಲೇದು ಬಾಡೈತೆ, ಅಲ್ಲಿ ಕೂತ್ಕೊ” ಎಂದು ಅಪ್ಪಣೆಯಾಗುತ್ತಿತ್ತು. ಕಚೇರಿಯಲ್ಲಿ ಪಕ್ಕದ ಮೇಜಿನವರು ಮೂಗರಳಿಸಿ, “ಏನ್ರೀ, ದಿನಾ ಎಣ್ಣೆಸ್ನಾನವೋ?” ಎನ್ನುತ್ತಿದ್ದರು. ನಾನು ಹೌದೆನ್ನುತ್ತಿದ್ದೆ.

ಎಲೆ ಉದುರುವುದೇನೋ ನಿಂತಿತು. ಚಿಗುರು ಮಾತ್ರ ಕಾಣಲಿಲ್ಲ. ಅತ್ತೆ ಗಂಟು ಬಿಚ್ಚಲೂ ಇಲ್ಲ. ಒಂದು ಬೆಳಿಗ್ಗೆ ಮೈಗೆ ನೀರು ಸುರಿದುಕೊಳ್ಳುತ್ತಿದ್ದವನಿಗೆ ಮೂಗಿನ ಎದುರಿಗೇ, ಒಣಗಿತೆಂದುಕೊಂಡಿದ್ದ ಕಡ್ಡಿಯಲ್ಲಿ, ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಮೈಮರೆತು ಅತ್ತೆಯನ್ನು ಕೂಗಿದೆ. ಕೂಗಿದ ಮೇಲೆ ಮಾನ ನೆನಪಾಯಿತು. ಟವೆಲ್ಲಿಗೆ ಕೈ ಹಾಕುವಷ್ಟರಲ್ಲಿ ಗೋಣಿತಟ್ಟು ಸರಿದಿತ್ತು. ಅತ್ತೆ, ಹಿಂದೆ ತೆರೇಸಮ್ಮ.

“ಅಲ್ಲಾಡ್‌ಬ್ಯಾಡ ಕಣೋ, ಮುರಿದೀಯ,” ಎಂದಳು ಅತ್ತೆ. ನನ್ನತ್ತ ಯಾರೂ ನೋಡಲಿಲ್ಲ. ಅತ್ತೆ ಕೆಸರಿನಲ್ಲೇ ಕೂತು, ಚಿಗುರನ್ನು ಬೆರಳ ತುದಿಯಿಂದ ಮುಟ್ಟಿ ಅತ್ತಳು. ತೆರೇಸಮ್ಮ ಆಕೆಯ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು. ಆ ಸಂಜೆ ನಾನು ಕಚೇರಿಯಿಂದ ಬಂದಾಗ ಗಂಟಿನ ಸೀರೆಗಳೆಲ್ಲ ಒಗೆಸಿಕೊಳ್ಳದೆಯೇ ಹಗ್ಗದ ಮೇಲೆ ಗಾಳಿಗಾಡುತ್ತಿದ್ದವು. ಅಪ್ಪ ಅಂದು ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಮಳೆಯೂ ಬಂತು. ಮರುವರ್ಷ ತೆರೇಸಮ್ಮನ ಮಗಳ ಮದುವೆಗೆ ಹೂವೆಲ್ಲ ನಮ್ಮ ಹಿತ್ತಲಿನದೇ. ಚರ್ಚಿನ ಬಾಗಿಲಲ್ಲಿ ತೆರೇಸಮ್ಮ ಒಂದು ತುಂಡು ದಂಡೆಯನ್ನು ಅತ್ತೆಯ ತುರುಬಿಗೆ ಸಿಕ್ಕಿಸಿಬಿಟ್ಟರು. ತೆಗೆಯಲೆಂದು ಅತ್ತೆಯ ಕೈ ಮೇಲೆದ್ದಿತು. ಅರ್ಧಕ್ಕೆ ನಿಂತು, ಕೆಳಗಿಳಿಯಿತು.

ಈ ಬೇಸಿಗೆಯಲ್ಲೂ ನಲ್ಲಿ ಸೊರಗಿದೆ. ಈಗ ನಾವಿರುವ ರಾಮಕೃಷ್ಣನಗರದ ಮನೆಯಂಗಳದ ಗಿಡಗಳನ್ನು ಕಿತ್ತುಹಾಕೋಣವೆಂದು ಹೆಂಡತಿಗೆ ಹೇಳಿಯೇ ನಾನು ಮೊನ್ನೆ ಆ ಅಂಗಡಿಗೆ ಹೊರಟಿದ್ದು. ಹಿಂದಿರುಗಿದವನು, “ಇರಲಿ ಬಿಡು, ನಾನೇ ನೀರು ಹೊತ್ತು ಹಾಕ್ತೀನಿ,” ಎಂದೆ.

“ಸೊಂಟ ಹಿಡಿದ್ರೆ ನನ್ನ ಕರೀಬೇಡಿ,” ಎಂದಳು ಹೆಂಡತಿ. ಹಾಗೆಂದವಳು ಮೊದಲ ಬಿಂದಿಗೆಯನ್ನು ತಾನೇ ಎತ್ತಿಕೊಂಡು ಅಂಗಳಕ್ಕೆ ನಡೆದಳು.